ಗವಾಕ್ಷಿಯಿಂದ ಇಳಿದ ವೈಫೈ

ನಮ್ಮ ಕಡೆ ನೆಂಟರ ಮನೆಗೆ ಹೋದರೆ ಮೊದಲು ಚೊಂಬಿನಲ್ಲಿ ನೀರು ಬರುತ್ತೆ. ಬೆಂಗಳೂರಿನಲ್ಲಿ ಐಟಿ ಕೆಲಸ ಅಂತ ಗೊತ್ತಿದ್ದರೆ ಅದರ ಹಿಂದೆಯೇ ಇನ್ನೊಂದು ಮಾತು: “ವೈಫೈ ಒಳಗ ಬರಂಗಿಲ್ಲ, ಸ್ವಲ್ಪ ನೋಡಪಾ.” ತಂಗಿಯ ಲಗ್ನಪತ್ರಿಕೆ ಹಂಚೋಕೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಬೇಕಿತ್ತು. ಹಾಗಾಗಿ ಈ ಸಲ ಅರಿಶಿನ ಕುಂಕುಮದ ಚೀಲದ ಜೊತೆ ಒಂದು ಸುರುಳಿ ಲ್ಯಾನ್ ಕೇಬಲ್, ಎರಡು ಹಳೇ ರೌಟರ್ ಕೂಡ ಕಾರಿಗೆ ಹಾಕಿಕೊಂಡೆ.

ಚಿತ್ರದುರ್ಗ ದಾಟಿ ಕೂಡ್ಲಿಗಿ ಹತ್ತಿರವಾದಂತೆ ಬಂಡೆಗುಡ್ಡಗಳು ಶುರು. ಆ ಕಲ್ಲೇ ಊರೊಳಗಿನ ಹಳೇ ಮನೆಗಳ ಗೋಡೆ. ಎರಡಡಿ ದಪ್ಪ, ಮೇಲೆ ತೊಲೆ, ಜಂತೆ, ಅದರ ಮೇಲೆ ಮಣ್ಣಿನ ಮಾಳಿಗೆ. ಹೊರಗೆ ನಲವತ್ತು ಡಿಗ್ರಿ ಬಿಸಿಲಿದ್ದರೂ ಒಳಕೋಣೆ ತಣ್ಣಗೆ. ಆದರೆ ಬಿಸಿಲು ತಡೆಯೋ ಗೋಡೆ ವೈಫೈಯನ್ನೂ ತಡೆಯುತ್ತೆ. 5 ಗಿಗಾಹರ್ಟ್ಸ್ ಸಿಗ್ನಲ್ ವೇಗದ್ದು, ಆದರೆ ಇಂಥ ಒಂದು ಗೋಡೆಗೇ ಸುಸ್ತಾಗುತ್ತೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ಇನ್ನಷ್ಟು ಒಳಗೆ ಹೋಗುತ್ತೆ. ಚಿಕ್ಕಪ್ಪನ ಮನೆಯಲ್ಲಿ ರೌಟರ್ ಇದ್ದದ್ದು ಬಾಗಿಲ ಪಕ್ಕ, ಟಿವಿ ಹಿಂದೆ, ಕಬ್ಬಿಣದ ಬೀರುವಿಗೆ ಒರಗಿಕೊಂಡು. ಕಂಬದಿಂದ ಫೈಬರ್ ಎಳೆದವರು ಅಲ್ಲಿಗೇ ಕೈ ತೊಳೆದುಕೊಂಡಿದ್ದರು. ಪಡಸಾಲೆ ನಡುವಿನ ಕಂಬಕ್ಕೆ, ಆಳೆತ್ತರದಲ್ಲಿ ಕಟ್ಟಿದ ಮೇಲೆ ಅಡಿಗೆಮನೆಗೆ ಬಂತು. ಖರ್ಚು ಎರಡು ಮೊಳೆ.

ಕೊಟ್ಟೂರಿನಲ್ಲಿ ಮೊಳೆಯಿಂದ ಆಗೋ ಕೆಲಸ ಇರಲಿಲ್ಲ.

ದೊಡ್ಡಪ್ಪನ ಮನೆ ಗುಡಿಯ ಕಡೆ. ಕೊಟ್ಟೂರೇಶ್ವರನ ತೇರಿಗೆ ಜನ ನಡೆದು ಬರೋ ದಿನಗಳಲ್ಲಿ ಆ ಪಡಸಾಲೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಉಳಿದ ದಿನವೂ ನಾಲ್ಕು ಜನ ಕೂತೇ ಇರ್ತಾರೆ. ಅತ್ತಿಗೆಗೆ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ. ಬಾಣಂತನ ಮುಗಿಸಿ ಇಲ್ಲಿಂದಲೇ ಮಾಡ್ತಿದ್ದಾರೆ. ಎಂಟು ತಿಂಗಳ ಕೂಸು ಒಳಕೋಣೆಯ ತೊಟ್ಟಿಲಲ್ಲಿ, ವೈಫೈ ಪಡಸಾಲೆಯಲ್ಲಿ. ಹಾಗಾಗಿ ಮೀಟಿಂಗ್ ಅಂದರೆ ಮಾಳಿಗೆ ಹತ್ತೋ ಮೆಟ್ಟಿಲ ಮೇಲೆ, ಮಧ್ಯಾಹ್ನದ ಬಿಸಿಲಿಗೆ ಸೆರಗು ಹೊದ್ದುಕೊಂಡು. ಕಾಲ್ ಪದೇ ಪದೇ ಕಟ್ ಆಗಿ, “ಮುಂದಿನ ತಿಂಗಳು ಸರಿಯಾಗದಿದ್ದರೆ ಆಫೀಸಿಗೆ ಬನ್ನಿ” ಅಂತ ಮ್ಯಾನೇಜರ್ ಹೇಳಿಯಾಗಿತ್ತು. ಹೋದರೆ ಕೂಸು ಯಾರ ಹತ್ತಿರ? ಬಿಟ್ಟರೆ ಮತ್ತೆ ಕೆಲಸ ಸಿಗೋದು ಯಾವಾಗ?

“ಪಡಸಾಲ್ಯಾಗ ಕುಂತು ಮಾಡಿದ್ರೇನವ್ವ?” ಅಂದರು ದೊಡ್ಡಪ್ಪ, ಕೆಟ್ಟ ಮನಸ್ಸಿನಿಂದಲ್ಲ. ಅತ್ತಿಗೆ ಮೆಲ್ಲಗೆ, “ಮಾವಾರೆ, ನೀವು ಕ್ಯಾಕರಿಸಿದ್ದು ಆವತ್ತು ಅಮೆರಿಕಾದವರಿಗೂ ಕೇಳಿಸ್ತು” ಅಂದರು. ದೊಡ್ಡಪ್ಪನೇ ಮೊದಲು ನಕ್ಕಿದ್ದು.

ಅಣ್ಣ ಆಗಲೇ ಒಂದು ರಿಪೀಟರ್ ತಂದು ಒಳಕೋಣೆಯ ಪ್ಲಗ್ಗಿಗೆ ಸಿಕ್ಕಿಸಿದ್ದ. ರಿಪೀಟರ್ ತನಗೆ ಕೇಳಿಸಿದ್ದನ್ನಷ್ಟೇ ಮತ್ತೆ ಹೇಳೋದು. ಸಿಗ್ನಲ್ಲೇ ಇಲ್ಲದ ಕೋಣೆಯಲ್ಲಿ ಅದೇನು ಹೇಳೀತು? ಅರ್ಧ ದಾರಿಯಲ್ಲಿಟ್ಟರೂ, ಅಗ್ಗದವು ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಹೇಳೋದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತೆ. ಇಂಥ ಮನೆಗೆ ವೈರೇ ಸರಿ ಅಂತ ನನ್ನ ತೀರ್ಮಾನ. ಆದರೆ ಎರಡಡಿ ಕಲ್ಲುಗೋಡೆಗೆ ತೂತು ಹೊಡೆಯೋರು ಯಾರು?

ಮೇಲೆ ನೋಡಿದೆ. ಗವಾಕ್ಷಿ! ಬೆಳಕಿಗೆ ಅಂತ ಮಾಳಿಗೆಯಲ್ಲಿ ಬಿಟ್ಟ ಕಿಂಡಿ ಪಡಸಾಲೆಯಲ್ಲೂ ಒಂದು, ಒಳಕೋಣೆಯಲ್ಲೂ ಒಂದು. ದೊಡ್ಡಪ್ಪನಿಗೆ ಮಾಳಿಗೆ ಸೋರುತ್ತೆ ಅನ್ನೋ ಭಯ, ಅದು ನ್ಯಾಯವೇ. ಅದಕ್ಕೆ ಕೇಬಲ್ಲನ್ನು ಪಿವಿಸಿ ಪೈಪಿನಲ್ಲಿ ಹಾಕಿ, ಪೈಪಿನ ಎರಡೂ ತುದಿಯನ್ನು ಮಳೆನೀರು ಒಳಗೆ ಹೋಗದಂತೆ ಕೆಳಮುಖ ಬಗ್ಗಿಸಿ, ಕಿಂಡಿಯ ಸಂದಿಯನ್ನು ಎಂಸೀಲ್‌ನಿಂದ ಮುಚ್ಚಿದೆವು. ಒಟ್ಟು 28 ಮೀಟರ್. ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಚಿಂತೆಯಿಲ್ಲದೆ ಎಳೆಯಬಹುದು.

ಒಳಕೋಣೆಯಲ್ಲಿ ಹಳೇ ರೌಟರ್. ಅದರ ವಿಳಾಸ ಮೊದಲನೆಯದಕ್ಕೆ ಡಿಕ್ಕಿಯಾಗದಂತೆ ಬದಲಿಸಿ, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನು ವ್ಯಾನ್ ಕಿಂಡಿಗಲ್ಲ, ಲ್ಯಾನ್ ಕಿಂಡಿಗೆ ಚುಚ್ಚಬೇಕು. ಹೆಸರು, ಪಾಸ್‌ವರ್ಡ್ ಮೊದಲನೆಯದರದ್ದೇ. ಚಾನೆಲ್ ಮಾತ್ರ ಬೇರೆ, 1 ಅಲ್ಲಿದ್ದರೆ 6 ಅಥವಾ 11 ಇಲ್ಲಿ. ಕೋಣೆಯಲ್ಲಿ ಎರಡೋ ಮೂರೋ ಎಂಬಿಪಿಎಸ್ ಬರ್ತಿದ್ದದ್ದು 60 ದಾಟಿತು. ಸಂಜೆ ಮಿರ್ಚಿ ಮಂಡಕ್ಕಿ ತಿನ್ನುವಾಗ ಒಳಗಿನಿಂದ ಅತ್ತಿಗೆಯ ಇಂಗ್ಲಿಷ್ ಕೇಳಿಸ್ತಿತ್ತು. ದೊಡ್ಡಪ್ಪ ಕೂತವರಿಗೆ “ಸಣ್ಣಗೆ ಮಾತಾಡ್ರಿ” ಅಂದರು.

ಹಗರಿಬೊಮ್ಮನಹಳ್ಳಿಯಲ್ಲಿ ಹೊಸ ಆರ್‌ಸಿಸಿ ಮನೆ, ಮೇಲ್ಮಹಡಿಗೆ ಬರಲ್ಲ ಅನ್ನೋ ದೂರು. ಕಬ್ಬಿಣ ತುಂಬಿದ ಸ್ಲ್ಯಾಬಿಗಿಂತ ಮೆಟ್ಟಿಲ ಸಂದಿಯೇ ಸುಲಭದ ದಾರಿ. ರೌಟರನ್ನು ಅಲ್ಲಿಗೆ ಸರಿಸಿದರೆ ಸಾಕಾಯ್ತು. ಉಳಿದ ಸಮಯದಲ್ಲಿ ಅಂಕಸಮುದ್ರದ ಕೆರೆಯ ಹಕ್ಕಿ ನೋಡಿಬಂದೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಜಾಗ, ಆ ಕಡೆ ಹೋದರೆ ತಪ್ಪಿಸಬೇಡಿ.

ಹಡಗಲಿಯಲ್ಲಿ ಸೋದರತ್ತೆ ಮಲ್ಲಿಗೆ ಬುಟ್ಟಿ ತುಂಬೋ ಕೋಣೆ ಅಂಗಳದ ಆಚೆ. ಆರ್ಡರ್ ಎಲ್ಲ ಬೆಳಗಿನ ಜಾವ ವಾಟ್ಸ್ಯಾಪಿನಲ್ಲಿ. ಎರಡು ಕಟ್ಟಡದ ನಡುವೆ ಬಯಲಲ್ಲಿ ತಾಮ್ರದ ಕೇಬಲ್ ಎಳೆದರೆ ಸಿಡಿಲಿನ ಕಾಟ. ಅಲ್ಲಿಗೆ ಫೈಬರ್ರೇ ಹಾಕಿಸಿ ಅಂತ ಹೇಳಿಬಂದೆ.

ಹರಪನಹಳ್ಳಿ ಕೊನೆಗೆ. ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ ಅಂತ ಜಿಲ್ಲೆ ಬದಲಿಸಿದ ತಾಲ್ಲೂಕು. ಅಕ್ಕನ ಮಗಳು ಪಿಯುಸಿ, ನೀಟ್‌ಗೆ ಓದ್ತಿದ್ದಾಳೆ. ಅವಳ ಕೋಣೆ ಅಡಿಗೆಮನೆ ಹಿಂದೆ, ಸಿಗ್ನಲ್ ಸೊನ್ನೆ. ಅಣ್ಣನ ಕೋಣೆಗೆ ಪೂರ್ತಿ ಬರುತ್ತೆ. ಕೇಬಲ್ ತೆಗೆದರೆ ಭಾವ ಬೇಡ ಅಂದರು. “ಅಲ್ಲಿಗೆ ಬರದಿರೋದ ಚಲೋ. ಹುಡುಗಿ ಕೆಡ್ತಾಳ.”

“ಹುಡುಗ ಕೆಡಲ್ವಾ ಭಾವ?” ಅಂದೆ. ಅಕ್ಕ ಒಳಗೆ ಪಾತ್ರೆಯನ್ನು ಸ್ವಲ್ಪ ಜೋರಾಗೇ ಇಟ್ಟಳು.

ಅಳಿಯನಾಗಿ ಬಂದವರ ಮನೆಯಲ್ಲಿ ಜಗಳ ಬೇಡ ಅಂತ ಸುಮ್ಮನಾದೆ. ಉಳಿದಿದ್ದ 15 ಮೀಟರ್ ಕೇಬಲ್, ಎರಡನೇ ರೌಟರ್ ಅಕ್ಕನ ಕೈಗಿಟ್ಟು ಬಂದೆ. ವಾರದ ಮೇಲೆ ಸೊಸೆಯ ಫೋನ್: “ಮಾಮಾ, ಡಿಎಚ್‌ಸಿಪಿ ಆಫ್ ಮಾಡೋದು ಎಲ್ಲೈತಿ? ಅಪ್ಪ ಕೇಬಲ್ ಹಿಡ್ಕಂಡು ನಿಂತಾರ.”