ಕೊಂಡಜ್ಜಿ ಕೆರೆಯ ದಂಡೆಯಲ್ಲಿ ತೋಳದ ಮರಿಗಳು

ದಾವಣಗೆರೆಯಿಂದ ಹೊರಟ ಬಸ್ಸು ಪೇಟೆಯ ಗದ್ದಲ ದಾಟಿದ ಮೇಲೆ ಕೊಂಡಜ್ಜಿ ಬಹಳ ದೂರವೇನಲ್ಲ. ಹರಿಹರ ತಾಲ್ಲೂಕಿನ ಈ ಊರಿನಲ್ಲಿ ಕಣ್ಣಿಗೆ ಮೊದಲು ಬೀಳುವುದು ವಿಶಾಲವಾದ ಕೆರೆ, ಅದರಾಚೆ ಕುರುಚಲು ಗುಡ್ಡ. ಕೆರೆಯ ಮಗ್ಗುಲಲ್ಲೇ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ಕೇಂದ್ರ. ರಾಜ್ಯದ ಸ್ಕೌಟ್ ಚಳವಳಿಯನ್ನು ಮುನ್ನಡೆಸಿದ ಕೊಂಡಜ್ಜಿ ಬಸಪ್ಪನವರ ಊರಿದು.

ಕಳೆದ ಚಳಿಗಾಲದಲ್ಲಿ ನಮ್ಮ ಶಾಲೆಯ ಮೂರು, ನಾಲ್ಕನೇ ತರಗತಿಯ ಹದಿನೆಂಟು ಹುಡುಗರನ್ನು ಕಬ್ ದೀಕ್ಷೆಗಾಗಿ ಇಲ್ಲಿಗೆ ಕರೆತಂದಿದ್ದೆವು. ಕಬ್ ಎಂದರೆ ಮರಿ. ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಹುಡುಗರ ಶಿಬಿರ ನಡೆಸಿದ ಮೇಲೆ ಸ್ಕೌಟಿಂಗ್ ಹಬ್ಬಿತು. ದೊಡ್ಡವರನ್ನು ಕಂಡ ತಮ್ಮಂದಿರು ಸುಮ್ಮನಿರುತ್ತಾರೆಯೇ? ಅವರಿಗಾಗಿ 1916ರಲ್ಲಿ ‘ತೋಳದ ಮರಿ’ಗಳ ದಳ ಹುಟ್ಟಿತು. ಅದಕ್ಕೆ ಆಧಾರ ಕಿಪ್ಲಿಂಗ್‌ನ ‘ಜಂಗಲ್ ಬುಕ್’. ಆ ಕಥೆ ನಡೆಯುವುದು ಮಧ್ಯಪ್ರದೇಶದ ಸಿವನಿ ಕಾಡಿನಲ್ಲಿ! ನಮ್ಮ ಕಾಡಿನ ಅಕೇಲ ಸೀಮೆ ದಾಟಿ ಹೋಗಿ ತಿರುಗಿ ನಮ್ಮ ಮಕ್ಕಳ ಬಳಿಗೇ ಬಂದ. ಬರುವಾಗ ಬಾಗಿಲು ಮಾತ್ರ ಮುಚ್ಚಿತ್ತು. 1909ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ದಳ ಆರಂಭವಾದಾಗ ಅದರಲ್ಲಿ ಭಾರತೀಯ ಹುಡುಗರಿಗೆ ಜಾಗವಿರಲಿಲ್ಲ. 1917ರಲ್ಲಿ ಆನಿ ಬೆಸೆಂಟ್ ಭಾರತೀಯರಿಗಾಗಿಯೇ ಸಂಘ ಕಟ್ಟಿದರು. ಈಗಿರುವ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ 1950ರ ನವೆಂಬರ್ 7ರಂದು ರೂಪುಗೊಂಡದ್ದು.

ಬೆಳಿಗ್ಗೆ ಬೇವಿನ ಮರದ ಕೆಳಗೆ ಹಗ್ಗದ ಪಾಠ. ರೀಫ್ ಗಂಟು ಹಾಕಿಸಿದರೆ ಮುಕ್ಕಾಲು ಪಾಲು ಮಕ್ಕಳು ಜಾರುಗಂಟನ್ನೇ ಹಾಕುತ್ತಾರೆ. ಮೊದಲ ಸಲ ಎಡದ ತುದಿ ಬಲದ ಮೇಲೆ ಬಂದರೆ ಎರಡನೇ ಸಲ ಬಲದ್ದು ಎಡದ ಮೇಲೆ ಬರಬೇಕು. ಆಗ ಎರಡು ಕುಣಿಕೆಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಎರಡೂ ಸಲ ಒಂದೇ ಕಡೆ ಸುತ್ತಿದರೆ ತುದಿಗಳು ಅಡ್ಡಡ್ಡ ನಿಂತು ಜಾರುತ್ತವೆ. ತರಗತಿಯಲ್ಲಿ ಘರ್ಷಣೆಯ ಬಗ್ಗೆ ಗಂಟೆಗಟ್ಟಲೆ ಹೇಳುವುದನ್ನು ಒಂದು ಗೇಣು ಹಗ್ಗ ನಿಮಿಷದಲ್ಲಿ ಹೇಳಿಬಿಡುತ್ತದೆ.

ಪೋಷಕರು ಕೇಳುವ ಮೊದಲ ಪ್ರಶ್ನೆ, ‘ಇದಕ್ಕೆ ಮಾರ್ಕ್ಸ್ ಉಂಟಾ ಸಾರ್?’ ಈ ವಯಸ್ಸಿನಲ್ಲಿ ಇಲ್ಲ. ಒಂದನೇ ತರಗತಿಯ ಹುಡುಗರೂ ಸೇರಬಹುದು, ಹತ್ತು ತುಂಬಿದ ಮೇಲೆ ಸ್ಕೌಟ್. ಸಮವಸ್ತ್ರದ ಖರ್ಚು ಭಾರವಾದರೆ ಮುಚ್ಚುಮರೆಯಿಲ್ಲದೆ ಶಿಕ್ಷಕರಿಗೆ ಹೇಳಿ. ಬೆಳೆದು ದೊಡ್ಡವರಾದ ಹುಡುಗರ ಅಂಗಿಗಳನ್ನು ನಾವು ಒಗೆಸಿ ಇಟ್ಟಿರುತ್ತೇವೆ. ಕೆಲವು ತಿಂಗಳು ದಳದ ಸಭೆಗಳಿಗೆ ಬಂದು ಪ್ರವೇಶದ ಪಾಠ ಮುಗಿಸಿದ ಮೇಲೆಯೇ ದೀಕ್ಷೆ.

ನಮ್ಮವರಲ್ಲಿ ಒಬ್ಬನಿಗೆ ಮಾತು ತೊದಲುತ್ತದೆ. ‘ಅಷ್ಟು ಜನರ ಮುಂದೆ ನಗೆಪಾಟಲಾಗುತ್ತಾನೆ’ ಎಂದು ಅವನ ತಂದೆ ಕಳಿಸಲು ಒಪ್ಪಿರಲಿಲ್ಲ. ಕೊನೆಗೆ ಅಕ್ಕಿ ಗಿರಣಿಯ ಹಮಾಲಿ ಕೆಲಸಕ್ಕೆ ರಜೆ ಹಾಕಿ ತಾವೇ ಜೊತೆಯಲ್ಲಿ ಬಂದಿದ್ದರು. ಸಂಜೆ ಧ್ವಜದ ಮುಂದೆ ಹುಡುಗ ಪ್ರತಿಜ್ಞೆ ಶುರುಮಾಡಿದ. ನಡುವೆ ಒಂದು ಪದಕ್ಕೆ ಸಿಕ್ಕಿಕೊಂಡ. ಕಬ್‌ಗಳು ಆರಾರು ಜನರ ಗುಂಪಾಗಿ ನಿಲ್ಲುತ್ತಾರೆ. ಅವನ ಗುಂಪಿನ ಉಳಿದ ಐವರು ಹೇಳಿಕೊಡಲಿಲ್ಲ, ನಗಲಿಲ್ಲ, ಕಾದರು. ಕೆರೆಯ ಕಡೆಯಿಂದ ಬೆಳ್ಳಕ್ಕಿಗಳ ಸದ್ದಷ್ಟೇ. ಪದ ಬಂತು, ಪ್ರತಿಜ್ಞೆ ಮುಗಿಯಿತು. ಎಡಗೈ ಕುಲುಕಿ ಸ್ಕಾರ್ಫ್ ತೊಡಿಸಿದೆ.

ಬಸ್ಸು ಹತ್ತುವಾಗ ತಂದೆ ಹತ್ತಿರ ಬಂದು ಕೇಳಿದರು, ‘ಇವನ ತಂಗಿ ಎರಡನೇ ಕ್ಲಾಸು. ಹೆಣ್ಣುಮಕ್ಕಳಿಗೂ ಐತಾ ಮೇಷ್ಟ್ರೇ?’

ಇದೆ, ಅವರನ್ನು ಬುಲ್‌ಬುಲ್ ಎನ್ನುತ್ತಾರೆ ಎಂದೆ.