ಗೆರೆಯ ಹೆಸರು

ನವಲಗುಂದದ ಎರೆಭೂಮಿಯಲ್ಲಿ ಹಿಂಗಾರಿ ಬಿತ್ತಿಗೆಯಾದ ಮೇಲೆ ಕೂರಿಗೆಯ ಸಾಲುಗಳು ಬದುವಿನಿಂದ ಬದುವಿಗೆ ನೆಟ್ಟಗೆ ಹರಿದಿರುವದನ್ನು ಕಂಡವರಿಗೆ, ರೇಖಾಗಣಿತವು ಬರಿಯ ಪುಸ್ತಕದ ವಿದ್ಯೆಯಲ್ಲವೆಂಬದು ತಾನಾಗಿಯೇ ಹೊಳೆಯುವದು. 'ಕ್ಷೇತ್ರ'ವೆಂದರೆ ಹೊಲವೂ ಹೌದು, ಗಣಿತದ ಆಕೃತಿಯೂ ಹೌದು. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿ ರಚಿಸಿದ ಗಣಿತಗ್ರಂಥಗಳಲ್ಲೊಂದಕ್ಕೆ 'ಕ್ಷೇತ್ರಗಣಿತ'ವೆಂದೇ ಹೆಸರು.

ಇಂಥ ನೆಲದಲ್ಲಿ ಬೆಳೆದ ಬಾಲಕನಿಗೆ ಗೆರೆ ಎಳೆಯುವದು ಕಷ್ಟವಲ್ಲ. ಅದಕ್ಕೆ ಹೆಸರಿಡುವದೇ ಕಷ್ಟ. ಅ, ಬ ಎಂಬ ಎರಡು ಬಿಂದುಗಳಲ್ಲಿ ಆರಂಭವೂ ಮುಕ್ತಾಯವೂ ಆದ ಗೆರೆಯು ರೇಖಾಖಂಡ. ಅದನ್ನು 'ಅಬ' ಎಂದರೂ 'ಬಅ' ಎಂದರೂ ಒಂದೇ. ಎರಡು ಕಡೆಗೂ ಕೊನೆಯಿಲ್ಲದೆ ಹರಿಯುವದು ಸರಳರೇಖೆ. ತನ್ನ ಮೇಲಿನ ಯಾವ ಎರಡು ಬಿಂದುಗಳಿಂದ ಕರೆದರೂ ಅದು ಓಗೊಡುವದು. ಆದರೆ ಅ ಎಂಬಲ್ಲಿ ಹುಟ್ಟಿ, ಬ ಎಂಬುದನ್ನು ಹಾಯ್ದು, ಮುಂದೆ ಸಾಗುತ್ತಲೇ ಇರುವ ಕಿರಣಕ್ಕೆ ಮಾತ್ರ ಅಕ್ಷರಗಳ ಕ್ರಮವೇ ಪ್ರಾಣ. 'ಬಅ' ಎಂದೊಡನೆ ಹುಟ್ಟಿದ ಸ್ಥಳ ಬೇರೆಯಾಯಿತು, ದಿಕ್ಕೂ ತಿರುಗಿತು. ಪಾಟಿಯ ಮೇಲೆ 'ಬಅ' ಎಂದು ಬರೆದು ತಪ್ಪೆನಿಸಿಕೊಂಡ ಬಾಲಕನು, "ಅಕ್ಷರಗಳೆರಡೂ ಇವೆಯಲ್ಲ!" ಎಂದು ಮುಖ ಬಾಡಿಸಿದರೆ ಅದರಲ್ಲಿ ಆಶ್ಚರ್ಯವೇನು?

ಹೀಗೆ ಅಕ್ಷರಗಳಿಂದ ಕರೆಯುವ ರೂಢಿಯು ನಮ್ಮ ಪೂರ್ವಿಕರದಲ್ಲ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಗೆರೆಗಳನ್ನು ಅವು ಮಾಡುವ ಕೆಲಸದಿಂದಲೇ ಕರೆದರು: ಭುಜ, ಕೋಟಿ, ಕರ್ಣ, ಲಂಬ. ಜಯಪುರವನ್ನು ಕಟ್ಟಿದ ಸವಾಯಿ ಜಯಸಿಂಹನ ಆಶ್ರಯದಲ್ಲಿದ್ದ ಜಗನ್ನಾಥ ಸಮ್ರಾಟನು 18ನೆಯ ಶತಮಾನದ ಆದಿಭಾಗದಲ್ಲಿ ಯೂಕ್ಲಿಡನ ಗ್ರಂಥವನ್ನು, ನಸೀರುದ್ದೀನ ತೂಸಿಯ ಅರಬ್ಬಿ ಪಾಠದಿಂದ ಸಂಸ್ಕೃತಕ್ಕೆ ತಂದು 'ರೇಖಾಗಣಿತ'ವೆಂದು ಕರೆದನು. ಅದರಲ್ಲಿಯ ಬಿಂದುಗಳು ಕ, ಖ, ಗ ಅಲ್ಲ. ಅರಬ್ಬಿಯ ಹಳೆಯ ಅಕ್ಷರಕ್ರಮವನ್ನನುಸರಿಸಿ ಅ, ಬ, ಜ, ದ ಎಂದಿವೆ. ಇಂದಿನ ಪಠ್ಯಗಳಲ್ಲಿ ಎ, ಬಿ ಎಂಬ ಅಕ್ಷರಗಳ ನೆತ್ತಿಯ ಮೇಲೆ ಖಂಡಕ್ಕೆ ಬರಿಯ ಗೀಟು, ಕಿರಣಕ್ಕೆ ಒಂದು ಬಾಣ, ರೇಖೆಗೆ ಇಬ್ಬದಿಯ ಬಾಣ.

ಆದರೆ ಈ ಭೇದವನ್ನು ಕಲಿಯಲು ಕನ್ನಡಿಗನು ದೂರ ಹೋಗಬೇಕಾಗಿಲ್ಲ. 'ಅಣ್ಣಿಗೇರಿಯಿಂದ ನವಲಗುಂದದವರೆಗೆ' ಎಂದರೆ ದಾರಿಗೆ ಎರಡು ತುದಿಗಳು ಬಿದ್ದವು, ಇದು ಖಂಡ. 'ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ' ಎಂದರೆ ಹೊರಟ ಊರು ತಿಳಿಯಿತು, ದಿಕ್ಕು ತಿಳಿಯಿತು, ನಿಲ್ಲುವ ಊರು ತಿಳಿಯಲಿಲ್ಲ, ಇದು ಕಿರಣ. ಊರುಗಳನ್ನು ಹಿಂದುಮುಂದು ಮಾಡಿದರೆ ಮೊದಲನೆಯದರ ಉದ್ದವು ಕೆಡದು. ಎರಡನೆಯದರಲ್ಲಿ ಬಂಡಿಯೇ ತಿರುಗಿ ನಿಲ್ಲುವದು. ಬಾಲಕನಿಗೆ ಇಷ್ಟು ಹೇಳಿದರೆ ಬಾಣದ ಗುರುತನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಇದು ಪಾಟಿಯ ಮೇಲಿನ ಮಾತಷ್ಟೇ ಎನ್ನುವವರು ಅಣ್ಣತಮ್ಮಂದಿರ ವಾಟ್ನಿಯ ಕಾಗದವೊಂದನ್ನು ಕಲ್ಪಿಸಿಕೊಳ್ಳಲಿ. 'ಬಾಂದುಗಲ್ಲಿನಿಂದ ಬೇವಿನ ಮರದ ಕಡೆಗೆ' ಎಂದು ಗಡಿಯನ್ನು ಬರೆದಿದ್ದರೆ, ಮರದಾಚೆಗಿನ ನೆಲದಲ್ಲಿ ಗಡಿಯು ಎಲ್ಲಿ ನಿಲ್ಲುವದು? ಒಬ್ಬನು ಮರದಲ್ಲಿಯೇ ಎನ್ನುವನು. ಇನ್ನೊಬ್ಬನು ಹಳ್ಳದಲ್ಲಿ ಎನ್ನುವನು. ಮೂವತ್ತಮೂರು ಅಡಿಯ ಸರಪಳಿಯಿಂದ ಚೌಕವಾಗಿ ಅಳೆದರೆ ಒಂದೇ ಗುಂಟೆಯಾಗುವ ನೆಲಕ್ಕಾಗಿ ಒಂದೇ ತಾಯಿಯ ಮಕ್ಕಳು ಮಾತು ಬಿಡುವರು. ಕೋರ್ಟಿನ ಖರ್ಚು ಗುಂಟೆಯ ಬೆಲೆಯನ್ನು ಮೀರುವದು. 'ಮರದವರೆಗೆ' ಎಂದು ಬರೆದಿದ್ದರೆ ಸಾಕಾಗಿತ್ತು. 19ನೆಯ ಶತಮಾನದಲ್ಲಿ ಮುಂಬಯಿ ಇಲಾಖೆಯ ಮೋಜಣಿದಾರರು ಕಲ್ಲಿನಿಂದ ಕಲ್ಲಿಗೆ ಗಡಿಯನ್ನು ಕಟ್ಟಿದ್ದು ಇದಕ್ಕಾಗಿಯೇ. ಹೊಲವು ಕಿರಣಗಳಿಂದ ಮುಚ್ಚದು, ಖಂಡಗಳಿಂದ ಮುಚ್ಚುವದು.

ಆದುದರಿಂದ ಗುರುವು ತಪ್ಪಿಗೆ ಕೆಂಪು ಗೀಟನ್ನೆಳೆದು ಸುಮ್ಮನಾಗದೆ, "ಎಲ್ಲಿಂದ? ಎಲ್ಲಿಯವರೆಗೆ? ಇಲ್ಲವೆ, ಯಾವ ಕಡೆಗೆ?" ಎಂದು ಕೇಳುವದು ಲೇಸು. ಈ ಮೂರು ಪ್ರಶ್ನೆಗಳಿಗೆ ಉತ್ತರಿಸಬಲ್ಲ ಮಗುವು ಗೆರೆಗೆ ಸರಿಯಾದ ಹೆಸರಿಡುವದು. ಮುಂದೆ ದೊಡ್ಡದಾಗಿ ಕಾಗದಕ್ಕೆ ಸಹಿ ಹಾಕುವ ಮುನ್ನ ಅದನ್ನು ಓದಿಯೂ ನೋಡುವದು.