ಮೋಸ್ತಾರಿನ ಕೆಂಪು ಅಂಗಿ

ಸರಾಯೆವೊದಿಂದ ಹೊರಟ ರೈಲು ಸುರಂಗಗಳನ್ನು ಹೊಕ್ಕು ಹೊರಬರುತ್ತ, ನೆರೆಟ್ವಾ ನದಿಯ ಕಣಿವೆಗುಂಟ ದಕ್ಷಿಣಕ್ಕಿಳಿಯುತ್ತದೆ. ನದಿಯ ನೀರು ಪಚ್ಚೆಗಲ್ಲಿನ ಬಣ್ಣದ್ದು. ಇಕ್ಕೆಲಗಳ ಬೆಟ್ಟಗಳು ಬೋಳು. ಮೋಸ್ತಾರನ್ನು ಸೇರಿದವರೆಲ್ಲ ಮೊದಲು ಧಾವಿಸುವುದು ಹಳೆಯ ಸೇತುವೆಗೆ. 1566ರಲ್ಲಿ ತುರ್ಕಿ ಶಿಲ್ಪಿ ಹೈರುದ್ದೀನ್ ಕಟ್ಟಿದ ಆ ಒಂಟಿ ಕಮಾನು 1993ರ ನವೆಂಬರ್ 9ರಂದು ಫಿರಂಗಿ ಗುಂಡುಗಳಿಗೆ ಸಿಕ್ಕಿ ನದಿಗೆ ಕುಸಿಯಿತು. 2004ರಲ್ಲಿ ಮತ್ತೆ ಎದ್ದು ನಿಂತಿತು. ನಾನೂ ಹೋಗಿ ನೋಡಿದೆ. ಅದರ ಚೆಲುವನ್ನು ಬಣ್ಣಿಸಿದವರು ಬಹಳ ಮಂದಿ. ಆದರೆ ಅದೇ ಯುದ್ಧದಲ್ಲಿ ಈ ಊರು ಕಳೆದುಕೊಂಡ ಇನ್ನೊಂದು ವಸ್ತುವುಂಟು. ಅದನ್ನು ಯಾರೂ ಮರಳಿ ಕಟ್ಟಿಕೊಡಲಿಲ್ಲ. ಅದು ಒಂದು ಕಾಲ್ಚೆಂಡಿನ ತಂಡದ ಆಟದ ಬಯಲು.

ಊರಿನ ಪೂರ್ವಕ್ಕೆ ವೆಲೆಜ್ ಎಂಬ ಪರ್ವತವಿದೆ. 1922ರಲ್ಲಿ ಇಲ್ಲಿಯ ಕಾರ್ಮಿಕರು ಕೂಡಿ ಕಟ್ಟಿದ ತಂಡಕ್ಕೆ ಅದರದೇ ಹೆಸರು. ಅಂಗಿ ಕೆಂಪು, ಲಾಂಛನದಲ್ಲಿ ಕೆಂಪು ನಕ್ಷತ್ರ. ಇಷ್ಟೇ ಸಾಲದೆ, ಅರಸೊತ್ತಿಗೆಯ ಸರ್ಕಾರಕ್ಕೆ ಸಂಶಯ ಹುಟ್ಟಲು? 1940ರಲ್ಲಿ ತಂಡವನ್ನೇ ನಿಷೇಧಿಸಿದರು. ಎರಡನೆಯ ಮಹಾಯುದ್ಧದಲ್ಲಿ ಅದರ ಅನೇಕ ಆಟಗಾರರು ಟಿಟೋ ಅವರ ಪಡೆಯನ್ನು ಸೇರಿ ಮಡಿದರು. ಯುದ್ಧ ಮುಗಿದ ಮೇಲೆ ತಂಡ ಮತ್ತೆ ಹುಟ್ಟಿತು. ಊರವರು ಅದನ್ನು ಕರೆಯುವುದು 'ರೊಜೆನಿ' ಎಂದು. ಒಡಹುಟ್ಟಿದವರು ಎಂದು ಅದನ್ನು ಕನ್ನಡಿಸಬಹುದು.

ಆ ಹೆಸರಿಗೆ ನಿಜವಾದ ಅರ್ಥ ಬಂದದ್ದು 1970ರ ದಶಕದಲ್ಲಿ. ದುಶಾನ್ ಬಾಯೆವಿಚ್, ಎನ್ವೆರ್ ಮಾರಿಚ್, ಫ್ರಾನ್ಯೊ ವ್ಲಾದಿಚ್ — ಮೂವರೂ ಮೋಸ್ತಾರಿನಲ್ಲೇ ಹುಟ್ಟಿದವರು. ಒಬ್ಬ ಸೆರ್ಬ್, ಒಬ್ಬ ಮುಸ್ಲಿಂ, ಒಬ್ಬ ಕ್ರೊಯೇಟ್. ಬಾಯೆವಿಚ್ ಗೋಲು ಹೊಡೆಯುವವನು, ಮಾರಿಚ್ ಗೋಲು ಕಾಯುವವನು, ವ್ಲಾದಿಚ್ ನಡುವೆ ನಿಂತು ಆಟವನ್ನು ನೇಯುವವನು. ಹೆಸರುಗಳ ಮೊದಲಕ್ಷರ ಕೂಡಿಸಿ 'ಬಿ.ಎಂ.ವಿ.' ಎಂದು ಜನ ಕರೆದರು. ಜರ್ಮನ್ ಮೋಟಾರಿನ ಹೆಸರು ಆ ಕಡೆಯವರ ಬಾಯಲ್ಲಿ ಹಾಗೆಯೇ ಉಲಿಯುತ್ತದೆ! ತರಬೇತುದಾರ ಸುಲೇಮಾನ್ ರೆಬಾತ್ಸ್ ತಾನೂ ಹಿಂದೆ ಅದೇ ಕೆಂಪು ಅಂಗಿ ತೊಟ್ಟವನು. 1974ರಲ್ಲಿ ಯುಗೊಸ್ಲಾವಿಯದ ಲೀಗ್ ಪ್ರಶಸ್ತಿ ಕೈಗೆ ಬಂದೇ ಬಿಟ್ಟಿತ್ತು. ಸ್ಪ್ಲಿತ್ ನಗರದ ಹಾಯ್ದುಕ್ ತಂಡದೊಡನೆ ಅಂಕಗಳು ಸಮವಾಗಿ, ಗೋಲುಗಳ ಲೆಕ್ಕದಲ್ಲಿ ಜಾರಿಹೋಯಿತು. ಆ ಲೀಗ್ ಪ್ರಶಸ್ತಿ ವೆಲೆಜ್‌ಗೆ ಎಂದೂ ದಕ್ಕಲಿಲ್ಲ.

ಅದೇ ವರ್ಷದ ಚಳಿಗಾಲದಲ್ಲಿ ಯೂರೋಪಿನ ಯು.ಇ.ಎಫ್.ಎ. ಕಪ್ ಪಂದ್ಯಗಳಲ್ಲಿ ಮಾಸ್ಕೋದ ಸ್ಪಾರ್ತಕ್, ವಿಯೆನ್ನಾದ ರಾಪಿದ್ ತಂಡಗಳನ್ನು ದಾಟಿ ಇಂಗ್ಲೆಂಡಿನ ಡಾರ್ಬಿ ಕೌಂಟಿಯನ್ನು ಎದುರಿಸಿತು. ಇಂಗ್ಲೆಂಡಿನಲ್ಲಿ 3–1ರ ಸೋಲು. ಮೋಸ್ತಾರಿನಲ್ಲಿ 4–1ರ ಗೆಲುವು! ಸೋತ ಡಾರ್ಬಿಯೇ ಆ ಋತುವಿನ ಕೊನೆಗೆ ಇಂಗ್ಲೆಂಡಿನ ಚಾಂಪಿಯನ್ ಆಯಿತೆಂದರೆ ಈ ಗೆಲುವಿನ ತೂಕ ತಿಳಿದೀತು. ಮುಂದಿನ ಸುತ್ತಿನಲ್ಲಿ ಹಾಲೆಂಡಿನ ತ್ವೆಂತೆ ತಂಡ ದಾರಿಗಡ್ಡವಾಯಿತು.

1981ರಲ್ಲಿ ಯುಗೊಸ್ಲಾವ್ ಕಪ್ ಮೊದಲ ಬಾರಿಗೆ ಬಂದಿತು; ಅಂತಿಮ ಪಂದ್ಯದಲ್ಲಿ ವಾಹಿದ್ ಹಲೀಲ್‌ಹೋಜಿಚ್ ಎರಡು ಗೋಲು ಹೊಡೆದ. 2014ರ ವಿಶ್ವಕಪ್ಪಿನಲ್ಲಿ ಅಲ್ಜೀರಿಯವನ್ನು ಎರಡನೆಯ ಸುತ್ತಿಗೆ ಕೊಂಡೊಯ್ದ ತರಬೇತುದಾರ ಈತನೇ. 1986ರ ಕಪ್ಪನ್ನು ತಂದುಕೊಟ್ಟವನು ಬಾಯೆವಿಚ್, ಈ ಸಲ ತರಬೇತುದಾರನಾಗಿ.

ಆರು ವರ್ಷಗಳಲ್ಲಿ ಎಲ್ಲವೂ ಮುಗಿಯಿತು. ಯುಗೊಸ್ಲಾವಿಯ ಒಡೆಯಿತು, 1993ರಲ್ಲಿ ಮೋಸ್ತಾರ್ ಒಳಗೊಳಗೇ ಎರಡಾಯಿತು. ಪಶ್ಚಿಮದಲ್ಲಿ ಕ್ರೊಯೇಟರು, ಪೂರ್ವದಲ್ಲಿ ಮುಸ್ಲಿಮರು. ಸೆರ್ಬರಲ್ಲಿ ಬಹುಪಾಲು ಮಂದಿ ಊರನ್ನೇ ತೊರೆದಿದ್ದರು. ಹಲೀಲ್‌ಹೋಜಿಚ್‌ನ ಮನೆ ಸುಟ್ಟುಹೋಯಿತು. ತಂಡದ ಬಯಲಾದ ಬಿಯೆಲಿ ಬ್ರಿಯೆಗ್, ಎಂದರೆ ಬಿಳಿಯ ಗುಡ್ಡ, ಪಶ್ಚಿಮದ ಪಾಲಾಯಿತು.

ಈ ಸಂಗತಿ ತಿಳಿದಿದ್ದೂ ನಾನು ಅಲ್ಲಿಗೆ ಹೋದೆ. ಕಾಲೇಜಿನ ದಿನಗಳಲ್ಲಿ ಚೆಂಡಿಗೆ ಹೆದರಿ ಗ್ರಂಥಾಲಯ ಸೇರುತ್ತಿದ್ದವನಿಗೆ ಆಟದ ಬಯಲುಗಳ ಮೇಲೆ ಏಕೆ ಮೋಹವೋ ಕಾಣೆ. ಗೋಡೆಯ ಮೇಲೆ ಜ್ರಿನ್ಸ್ಕಿ ತಂಡದ ಲಾಂಛನ. ಅವರನ್ನು ದೂರಿ ಬರೆಯುವುದು ಸುಲಭ. ಆದರೆ 1905ರಷ್ಟು ಹಳೆಯದಾದ ಆ ತಂಡವನ್ನು 1945ರಲ್ಲಿ ಹೊಸ ಸರ್ಕಾರ ನಿಷೇಧಿಸಿ, 1992ರವರೆಗೆ ತಲೆಯೆತ್ತಗೊಡಲಿಲ್ಲ. ವೆಲೆಜ್ ಮೆರೆಯುತ್ತಿದ್ದ ಕಾಲದಲ್ಲಿ ಆ ಹೆಸರನ್ನು ಮನೆಯೊಳಗೆ ಪಿಸುಗುಟ್ಟಿದ ಮುದುಕರೂ ಇದ್ದಿರಬೇಕಷ್ಟೆ?

ಮರುದಿನ ಬಸ್ಸು ಹಿಡಿದು ಊರಿನ ಉತ್ತರದ ವ್ರಾಪ್ಚಿಚಿಗೆ ಹೊರಟೆ. ವೆಲೆಜ್ ತಂಡಕ್ಕೆ ಯುದ್ಧಾನಂತರ ನೆಲೆ ಸಿಕ್ಕಿದ್ದು ಅಲ್ಲಿ. ಪಕ್ಕದಲ್ಲಿ ಕುಳಿತಿದ್ದ ವೃದ್ಧರಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. 2003ರಲ್ಲೂ 2016ರಲ್ಲೂ ತಂಡ ಕೆಳಗಿನ ದರ್ಜೆಗೆ ಇಳಿದದ್ದನ್ನು ಅವರು ಕೈಬೀಸಿ ತಳ್ಳಿಹಾಕಿದರು. 2022ರ ಬೋಸ್ನಿಯಾ ಕಪ್ಪಿನ ಮಾತು ಬಂದಾಗ ಮಾತ್ರ ಕಣ್ಣು ಮಿನುಗಿತು. ಸರಾಯೆವೊ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಪಡೆದ ಗೆಲುವು ಅದು. 1986ರಿಂದೀಚೆಗೆ ಕೈಗೆ ಬಂದ ಮೊದಲ ದೊಡ್ಡ ಪ್ರಶಸ್ತಿ.

"ಆ ಮೂವರ ಆಟವನ್ನು ಕಣ್ಣಾರೆ ಕಂಡಿದ್ದೀರಾ?" ಎಂದು ಕೇಳಿದೆ.

"ಡಾರ್ಬಿ ಪಂದ್ಯ," ಎಂದರು. ಎಡಗೈಯ ನಾಲ್ಕು ಬೆರಳನ್ನೂ ಬಲಗೈಯ ಒಂದು ಬೆರಳನ್ನೂ ಎತ್ತಿ ತೋರಿಸಿದರು. ಎಲ್ಲಿ ಕುಳಿತು ನೋಡಿದಿರಿ ಎಂದೆ. ವೃದ್ಧರು ತಲೆ ತಿರುಗಿಸಿ, ಬಸ್ಸಿನ ಹಿಂಗಾಜಿನಾಚೆ, ನದಿಯ ಆ ದಡದತ್ತ ಬೆರಳು ಮಾಡಿದರು.